ಅಂಗೈಯಗಲದ ಮಿಗ್

ಮಿಗ್-21ರ ಕಾಕ್‌ಪಿಟ್ ಮುಚ್ಚಳ ಯಾವ ಕಡೆಗೆ ತೆರೆಯುತ್ತದೆ? ಪ್ಲಾಸ್ಟಿಕ್ ಕಿಟ್ ಜೋಡಿಸಿ ವಿಮಾನದ ಮಾಡೆಲ್ ಕಟ್ಟುವವರ ಮುಂದೆ ಈ ಪ್ರಶ್ನೆ ಇಟ್ಟರೆ, ಪಳಗಿದವರು ಉತ್ತರ ಹೇಳುವುದಿಲ್ಲ, ‘ಯಾವ ಮಿಗ್-21?’ ಎಂದು ತಿರುಗಿ ಕೇಳುತ್ತಾರೆ. 1963ರಲ್ಲಿ ಭಾರತೀಯ ವಾಯುಪಡೆ ಸೇರಿ, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿ ಪಡೆದ ಈ ಯುದ್ಧವಿಮಾನ ಅಷ್ಟು ವರ್ಷವೂ ಒಂದೇ ರೂಪದಲ್ಲಿ ಇರಲಿಲ್ಲ. ವಾಯುಪಡೆಯವರು ‘ಟೈಪ್ 77’ ಎಂದು ಕರೆಯುತ್ತಿದ್ದ ಎಫ್‌ಎಲ್ ಮಾದರಿಯಲ್ಲಿ ಮುಂಗಾಜೂ ಸೇರಿದಂತೆ ಇಡೀ ಮುಚ್ಚಳ ಮೂತಿಯ ಕಡೆಗೆ ಎದ್ದು ನಿಲ್ಲುತ್ತದೆ. ಆಮೇಲಿನ ‘ಟೈಪ್ 96’ ಮತ್ತು ‘ಬಿಸ್’ ಮಾದರಿಗಳಲ್ಲಿ ಮುಂಗಾಜು ಸ್ಥಿರವಾಗಿದ್ದು, ಮುಚ್ಚಳವಷ್ಟೇ ವಿಮಾನದ ಬಲಬದಿಗೆ ತೆರೆದುಕೊಳ್ಳುತ್ತದೆ. ಕೊನೆಯ ‘ಬೈಸನ್’ನಲ್ಲಿ ಆ ಮುಂಗಾಜೇ ಬದಲಾಗಿ, ಚೌಕಟ್ಟಿಲ್ಲದ ಒಂದೇ ಬಾಗಿದ ತುಂಡಾಯಿತು.

ಮಾಡೆಲಿಂಗ್‌ನಲ್ಲಿ ಹೊಸಬರು ಎಡವುವುದು ಅಂಟಿನಲ್ಲೋ ಬಣ್ಣದಲ್ಲೋ ಎಂದು ಅನೇಕರು ಭಾವಿಸುತ್ತಾರೆ. ಅದಕ್ಕೂ ಮೊದಲೇ ಎಡವಿರುತ್ತಾರೆ. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ‘ಒಂದು ಮಿಗ್’ ಕಟ್ಟಲು ಕೂರುತ್ತಾರೆ. ಆದರೆ ‘ಒಂದು ಮಿಗ್’ ಎನ್ನುವ ವಿಮಾನ ಎಲ್ಲೂ ಹಾರಲಿಲ್ಲ. ಹಾರಿದ್ದು ಇಂಥ ಸ್ಕ್ವಾಡ್ರನ್ನಿನ, ಇಂಥ ನಂಬರಿನ, ಇಂಥ ವರ್ಷದ ವಿಮಾನ. ಅದನ್ನು ಮೊದಲು ಗೊತ್ತುಮಾಡಿಕೊಂಡರೆ ಮುಂದಿನ ನೂರು ಪ್ರಶ್ನೆಗಳಲ್ಲಿ ಅರ್ಧದಷ್ಟು ತಾವೇ ಬಗೆಹರಿಯುತ್ತವೆ.

ಒಂದು ಉದಾಹರಣೆ. 1971ರ ಡಿಸೆಂಬರ್ 14ರಂದು 28ನೇ ಸ್ಕ್ವಾಡ್ರನ್ನಿನ ಮಿಗ್-21ಗಳು ಗುವಾಹಟಿಯಿಂದ ಹೊರಟು ಢಾಕಾದ ಗವರ್ನರ್ ನಿವಾಸದ ಮೇಲೆ 57 ಮಿಲಿಮೀಟರ್ ರಾಕೆಟ್‌ಗಳನ್ನು ಹಾರಿಸಿದವು. ಆ ದಿನದ ವಿಮಾನವನ್ನು ಕಟ್ಟಬೇಕೆಂದರೆ ರೆಕ್ಕೆಯಡಿ ಇರಬೇಕಾದದ್ದು ಕೆ-13 ಕ್ಷಿಪಣಿಯಲ್ಲ, ರಾಕೆಟ್ ತುಂಬಿದ ಉರುಳೆ. ಆ ದಿನ ಹಾರಿದ್ದ ಎಫ್‌ಎಲ್ ಮಾದರಿಗೆ ಒಂದೊಂದು ರೆಕ್ಕೆಗೆ ಒಂದೇ ಆಯುಧಕೊಂಡಿ; ಎರಡೆರಡು ಬಂದದ್ದು ಮುಂದಿನ ಮಾದರಿಗಳಲ್ಲಿ. ಹೊಟ್ಟೆಯ ಕೆಳಗೂ ಒಂದೇ ಜಾಗ. ಈ ಮಾದರಿಯ ಒಡಲೊಳಗೆ ಫಿರಂಗಿ ಇರಲಿಲ್ಲವಾದ್ದರಿಂದ ಜಿಪಿ-9 ಎಂಬ ಗನ್ ಪಾಡ್ ಅನ್ನು ಅಲ್ಲಿ ತೂಗುಹಾಕುತ್ತಿದ್ದರು. ಅಂದರೆ ಗನ್ ಪಾಡ್ ಬಂದ ಕಡೆ 490 ಲೀಟರಿನ ಹೆಚ್ಚುವರಿ ಇಂಧನ ಟ್ಯಾಂಕಿಗೆ ಜಾಗವಿಲ್ಲ. ಪೆಟ್ಟಿಗೆಯಲ್ಲಿ ಆಯುಧಗಳು ಧಾರಾಳವಾಗಿ ಸಿಗುತ್ತವೆ. ಸಿಕ್ಕಿದ್ದನ್ನೆಲ್ಲ ತಗುಲಿಹಾಕಿದ ಮಾಡೆಲ್ ದೂರದಿಂದ ಭರ್ಜರಿಯಾಗಿ ಕಾಣಬಹುದು, ಆದರೆ ಆ ವಿಮಾನ ರನ್‌ವೇ ಬಿಟ್ಟು ಏಳುವುದಿಲ್ಲ.

ಇನ್ನೂ ಎರಡು ಗುರುತು ನೆನಪಿಟ್ಟುಕೊಂಡರೆ ಫೋಟೋ ನೋಡಿದ ಕೂಡಲೇ ಮಾದರಿ ಹೇಳಬಹುದು. ಮೂತಿಯ ಮುಂದೆ ಚಾಚಿಕೊಂಡಿರುವ ಪಿಟಾಟ್ ಕೊಳವೆ ಎಫ್‌ಎಲ್‌ನಲ್ಲಿ ಮೂತಿಯ ಮೇಲೆ ನಟ್ಟನಡುವೆ ಇರುತ್ತದೆ. ಟೈಪ್ 96 ಮತ್ತು ಬಿಸ್‌ನಲ್ಲಿ ಬಲಕ್ಕೆ ಸರಿದಿರುತ್ತದೆ. ಕಾಕ್‌ಪಿಟ್ಟಿನ ಹಿಂದಿನ ಬೆನ್ನು ಎಫ್‌ಎಲ್‌ನದು ಸಪೂರ, ಬಿಸ್‌ನದು ಉಬ್ಬಿದ್ದು. ಬಾಲದ ಬಳಿಯ ನಂಬರ್ ‘ಸಿಯು’ ಎಂದು ಶುರುವಾದರೆ ಅದು ಬೈಸನ್.

ಎಷ್ಟರಲ್ಲಿ ಒಂದು?

ಸ್ಕೇಲ್ ಎಂದರೆ ಸರಳ ಭಾಗಾಕಾರ. 1/72 ಎಂದರೆ ಮೂಲದ ಎಪ್ಪತ್ತೆರಡರಲ್ಲಿ ಒಂದು ಪಾಲು. ಇದು ಇಂಗ್ಲಿಷ್ ಅಳತೆಯಿಂದ ಬಂದ ಲೆಕ್ಕ: ಆರಡಿ ಎತ್ತರದ ಮನುಷ್ಯ ಒಂದಿಂಚಿನ ಬೊಂಬೆಯಾಗುತ್ತಾನೆ. 1930ರ ದಶಕದಲ್ಲಿ ಬ್ರಿಟನ್ನಿನ ಮಾಡೆಲ್ ತಯಾರಕರು ಇದನ್ನು ರೂಢಿಗೆ ತಂದರು. ಎರಡನೇ ಮಹಾಯುದ್ಧದಲ್ಲಿ ಶತ್ರುವಿಮಾನ ಗುರುತಿಸುವ ತರಬೇತಿಗೆ ಇದೇ ಅಳತೆಯ ಮಾಡೆಲ್‌ಗಳನ್ನು ಬಳಸಿದ್ದರಿಂದ ಅದು ಗಟ್ಟಿಯಾಗಿ ಬೇರೂರಿತು. 1/48 ಅದಕ್ಕಿಂತ ದೊಡ್ಡದು, 1/32 ಇನ್ನೂ ದೊಡ್ಡದು.

ಮಿಗ್-21ರ ರೆಕ್ಕೆಯ ತುದಿಯಿಂದ ತುದಿಗೆ 7.15 ಮೀಟರ್. 1/72ರಲ್ಲಿ ಅದು ಹತ್ತು ಸೆಂಟಿಮೀಟರಿಗೆ ತುಸು ಕಡಿಮೆ, ಅಂಗೈಯ ಅಗಲ. 1/48ರಲ್ಲಿ ಸುಮಾರು ಹದಿನೈದು ಸೆಂಟಿಮೀಟರ್. ಮನೆಯಲ್ಲಿ ಜಾಗ ಕಡಿಮೆ, ಹಲವು ವಿಮಾನಗಳ ಸಾಲು ಕಟ್ಟುವ ಆಸೆ ಇದೆ ಎನ್ನುವವರಿಗೆ 1/72 ಸರಿ. ಒಂದೇ ವಿಮಾನದಲ್ಲಿ ಮುಳುಗಬೇಕು, ಕಾಕ್‌ಪಿಟ್ಟಿನ ಗುಂಡಿಗಳೂ ಕಾಣಬೇಕು ಎನ್ನುವವರು 1/48 ಹಿಡಿಯಬೇಕು. ಚಾಳೀಸು ಬಂದ ಕಣ್ಣಿಗೂ ಅದೇ ವಾಸಿ.

ಕಿಟ್‌ಗಳಿಗೆ ಬರವಿಲ್ಲ. ಜಗತ್ತಿನಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕಿ ತಯಾರಾದ ವಿಮಾನ ಇದು. ಮಾಡೆಲ್ ಕಂಪನಿಗಳು ಸುಮ್ಮನಿರಲಿಲ್ಲ. 1/48ರಲ್ಲಿ ಚೆಕ್ ಗಣರಾಜ್ಯದ ಎಡುಆರ್ಡ್ ಕಂಪನಿ 2011ರಿಂದ ತಂದ ಸರಣಿಯನ್ನು ಮಾಡೆಲಿಗರು ಇವತ್ತಿಗೂ ಮೊದಲ ಆಯ್ಕೆಯಾಗಿ ಹೇಳುತ್ತಾರೆ. 1/72ರಲ್ಲೂ ಅದೇ ಕಂಪನಿಯ ಕಿಟ್ ಇದೆ. ರಷ್ಯಾದ ಜ್ವೆಜ್ದಾ 1/72ರಲ್ಲಿ ಬಿಸ್ ಮಾದರಿ ಕೊಡುತ್ತದೆ. ಚೀನಾದ ಟ್ರಂಪೆಟರ್ 1/32ಕ್ಕೆ ಹೋಗಿದೆ. ಹಳೆಯ ಅಚ್ಚಿನ ಕಿಟ್‌ಗಳು ಅಗ್ಗಕ್ಕೆ ಸಿಗುತ್ತವೆ ನಿಜ. ಆದರೆ ಭಾಗಗಳು ಸರಿಯಾಗಿ ಕೂಡದ ಕಿಟ್‌ನಲ್ಲಿ ಹೊಸಬರ ಉತ್ಸಾಹ ಪುಟ್ಟಿ ಮೆತ್ತುವುದರಲ್ಲೇ ಬತ್ತಿಹೋಗುತ್ತದೆ. ಮೊದಲ ಕಿಟ್‌ಗೆ ಸ್ವಲ್ಪ ಹೆಚ್ಚು ದುಡ್ಡು ಹಾಕುವುದು ಜಿಪುಣತನಕ್ಕಿಂತ ಮೇಲು.

ಬೆಂಗಳೂರಿನವರಿಗೆ ಸಹಜವಾಗಿಯೇ ಎಚ್‌ಎಫ್-24 ಮಾರುತ್ ಕಟ್ಟುವ ಆಸೆ ಇರುತ್ತದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲಿನ ಎಚ್‌ಎಎಲ್‌ನಲ್ಲಿ ಕೂತು ವಿನ್ಯಾಸ ಮಾಡಿದ, 1961ರ ಜೂನ್ 17ರಂದು ಮೊದಲ ಸಲ ಹಾರಿದ ವಿಮಾನ ಅದು. ಆದರೆ ಮಿಗ್‌ನಂತೆ ಅದರ ಕಿಟ್ ಅಂಗಡಿಯ ಕಪಾಟಿನಲ್ಲಿ ಸುಲಭವಾಗಿ ಕೈಗೆ ಸಿಗುವುದಿಲ್ಲ. ಕೈ ಪಳಗಿದ ಮೇಲೆ ಹುಡುಕುವುದು ಲೇಸು.

ವಸ್ತುಸಂಗ್ರಹಾಲಯವನ್ನು ನಂಬುವ ಬಗೆ

ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ, ಮಾರತಹಳ್ಳಿಗೆ ಹೋಗುವ ದಾರಿಯಲ್ಲಿ, 2001ರಲ್ಲಿ ಶುರುವಾದ ಎಚ್‌ಎಎಲ್‌ನ ಏರೋಸ್ಪೇಸ್ ಮ್ಯೂಸಿಯಂ ಇದೆ. ಬಯಲಿನಲ್ಲಿ ನಿಲ್ಲಿಸಿರುವ ವಿಮಾನಗಳ ಸುತ್ತ ನಡೆದಾಡಬಹುದು. ದಿಲ್ಲಿಯ ಪಾಲಂನಲ್ಲಿ ವಾಯುಪಡೆಯದೇ ವಸ್ತುಸಂಗ್ರಹಾಲಯ ಇದೆ. ಇಂಥ ಕಡೆ ಹೋದವರು ಸಾಮಾನ್ಯವಾಗಿ ವಿಮಾನದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ಮಾಡೆಲ್ ಕಟ್ಟುವವರು ಬಗ್ಗಿ, ಮೊಣಕಾಲೂರಿ, ಯಾರೂ ನೋಡದ ಜಾಗಗಳ ಚಿತ್ರ ತೆಗೆಯಬೇಕು: ಚಕ್ರದ ಗೂಡಿನ ಒಳಗಿನ ಕೊಳವೆಗಳು, ಬ್ರೇಕಿನ ತಂತಿ, ಬಾಗಿಲುಗಳ ಕೀಲು, ಬಾಲದ ತುದಿಯ ನಾಳದ ಒಳಗೋಡೆ, ರೆಕ್ಕೆ ಒಡಲಿಗೆ ಸೇರುವ ಸಂದು. ಅದು ಯಾವ ಜಾಗ ಎಂದು ಆಮೇಲೆ ಗೊತ್ತಾಗಲು ಪ್ರತಿ ಹತ್ತಿರದ ಚಿತ್ರಕ್ಕೂ ಒಂದು ದೂರದ ಚಿತ್ರ ಜೊತೆಗಿರಲಿ.

ಒಂದು ಎಚ್ಚರಿಕೆ ಬೇಕು. ಪ್ರದರ್ಶನದ ವಿಮಾನದ ಆಕಾರವನ್ನು ನಂಬಬಹುದು, ಬಣ್ಣವನ್ನಲ್ಲ. ಬಿಸಿಲು ಮಳೆಗೆ ನಿಂತ ವಿಮಾನಕ್ಕೆ ಹಲವು ಸಲ ಬಣ್ಣ ಬಳಿದಿರುತ್ತಾರೆ. ಕೈಗೆ ಸಿಕ್ಕ ಬೂದು, ಕೈಗೆ ಸಿಕ್ಕ ಬೆಳ್ಳಿ. ಇಂಜಿನ್ನಿಗೆ ಗಾಳಿ ಹೋಗುವ ದಾರಿಗಳನ್ನೆಲ್ಲ ತಗಡು ಹಾಕಿ ಮುಚ್ಚಿರುವುದೂ ಉಂಟು. ಬಣ್ಣಕ್ಕೆ ಆಧಾರ ವಿಮಾನ ಸೇವೆಯಲ್ಲಿದ್ದಾಗ ತೆಗೆದ ಫೋಟೋ. ಅದರಲ್ಲೂ ದಿನಾಂಕ ಬರೆದಿರುವ ಫೋಟೋ ಸಿಕ್ಕರೆ ಅದೇ ದೊಡ್ಡ ಆಸ್ತಿ.

ಮೇಜಿನ ಮೇಲೆ

ಸಲಕರಣೆಗೆ ಬಹಳ ಹಣ ಬೇಡ. ಭಾಗಗಳನ್ನು ಪ್ಲಾಸ್ಟಿಕ್ ಚೌಕಟ್ಟಿನಿಂದ, ಅಂದರೆ ಸ್ಪ್ರೂನಿಂದ, ಬಿಡಿಸಲು ಚಪ್ಪಟೆ ಬಾಯಿಯ ಕಟರ್, ಮೊನಚಾದ ಹಾಬಿ ಚಾಕು, ಚಿಮಟ, ಒದ್ದೆ ಮಾಡಿ ಉಜ್ಜುವ ಮರಳುಕಾಗದ, ಅಂದರೆ ನೀರುಕಾಗದ, 400ರಿಂದ 2000 ಗ್ರಿಟ್‌ವರೆಗಿನದು, ಮಾಸ್ಕಿಂಗ್ ಟೇಪ್. ನೀರುಕಾಗದವನ್ನು ಮಾಡೆಲ್ ಅಂಗಡಿಯಲ್ಲೇ ಕೊಳ್ಳಬೇಕಿಲ್ಲ. ಕಾರಿನ ಪೇಂಟ್ ಸಾಮಾನು ಮಾರುವ ಅಂಗಡಿಗಳಲ್ಲಿ, ಬೆಂಗಳೂರಿನವರಿಗಾದರೆ ಜೆ.ಸಿ. ರಸ್ತೆಯಲ್ಲಿ, ಹಾಳೆಗಟ್ಟಲೆ ಸಿಗುತ್ತದೆ. ಚಾಕು ಮೇಜಿನಿಂದ ಜಾರಿದರೆ ಹಿಡಿಯಲು ಕೈ ಚಾಚಬಾರದು, ತೊಡೆಯನ್ನೂ ಒಡ್ಡಬಾರದು, ಬೀಳಲಿ ಬಿಡಿ. ತೊಡೆಯ ಮೇಲೆ ಒಂದು ಟವೆಲ್ ಹರಡಿಕೊಂಡಿದ್ದರೆ ಚಿಮಟದಿಂದ ಸಿಡಿದ ಸಾಸಿವೆ ಗಾತ್ರದ ಭಾಗಗಳು ಅಲ್ಲೇ ಸಿಗುತ್ತವೆ. ಇಲ್ಲವಾದರೆ ಸಂಜೆಯೆಲ್ಲ ನೆಲ ಗುಡಿಸುವ ಕೆಲಸ.

ಅಂಟು ಮೂರು ಬಗೆ, ಮೂರಕ್ಕೂ ಬೇರೆ ಬೇರೆ ಕೆಲಸ. ಮುಖ್ಯವಾದದ್ದು ನೀರಿನಂತೆ ಹರಿಯುವ ಪ್ಲಾಸ್ಟಿಕ್ ಸಿಮೆಂಟ್. ಇದು ನಿಜಕ್ಕೂ ಅಂಟಲ್ಲ, ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಭಾಗಗಳನ್ನು ಬೆಸೆಯುವ ದ್ರಾವಕ. ಎರಡನ್ನೂ ಕೂಡಿಸಿ ಹಿಡಿದು, ಸಂದಿಗೆ ಕುಂಚದ ತುದಿ ಮುಟ್ಟಿಸಿದರೆ ತಾನೇ ಒಳಗೆ ಹರಿಯುತ್ತದೆ. ಲೋಹ ಮತ್ತು ರೆಸಿನ್ ಭಾಗಗಳಿಗೆ ಸಿಮೆಂಟ್ ಹಿಡಿಯುವುದಿಲ್ಲ, ಸೂಪರ್ ಗ್ಲೂ ಬೇಕು. ಪಾರದರ್ಶಕ ಭಾಗಗಳಿಗೆ ಎರಡೂ ಬೇಡ: ಸಿಮೆಂಟ್ ಗಾಜನ್ನು ಕರಗಿಸುತ್ತದೆ, ಸೂಪರ್ ಗ್ಲೂ ಹೊಗೆಯಿಂದ ಬಿಳಿಚಿಸುತ್ತದೆ. ಅಲ್ಲಿಗೆ ಮನೆಯಲ್ಲಿರುವ ಫೆವಿಕಾಲ್ ಸಾಕು. ಒಣಗಿದರೆ ಕಾಣುವುದಿಲ್ಲ, ತಪ್ಪಿದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ಕೆಲಸ ಶುರುವಾಗುವುದು ಬಚ್ಚಲಲ್ಲಿ. ಅಚ್ಚಿನಿಂದ ಸುಲಭವಾಗಿ ಬಿಟ್ಟುಬರಲು ಹಚ್ಚಿದ ಎಣ್ಣೆಯ ಪಸೆ ಭಾಗಗಳ ಮೇಲೆ ಉಳಿದಿರಬಹುದು. ಸೋಪು ಬೆರೆಸಿದ ಉಗುರುಬೆಚ್ಚನೆ ನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಅಂಟಿಲ್ಲದೆ ಕೂಡಿಸಿ ನೋಡುವುದು, ಮಾಡೆಲಿಗರ ಮಾತಿನಲ್ಲಿ ‘ಡ್ರೈ ಫಿಟ್’. ಪ್ರತಿ ಭಾಗವನ್ನೂ, ಪ್ರತಿ ಸಲವೂ. ಇದನ್ನು ಬಿಟ್ಟವರಿಗೆ ಪುಟ್ಟಿ ಡಬ್ಬಿ ಬೇಗ ಖಾಲಿಯಾಗುತ್ತದೆ.

ಕಾಕ್‌ಪಿಟ್ ಮೊದಲು ಮುಗಿಯಬೇಕು, ಒಡಲಿನ ಎರಡು ಹೋಳು ಕೂಡಿದ ಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ. ಸೋವಿಯತ್ ವಿನ್ಯಾಸದ ಈ ವಿಮಾನದ ಒಳಗೆ ಕಣ್ಣಿಗೆ ಹೊಡೆಯುವ ನೀಲಿ-ಹಸಿರು ಬಣ್ಣ. ಬ್ರಿಟಿಷ್ ನ್ಯಾಟ್ ವಿಮಾನ ಕಟ್ಟಿದವರು ಅಭ್ಯಾಸಬಲದಿಂದ ಕಪ್ಪೋ ಬೂದೋ ಬಳಿದರೆ ಕೆಟ್ಟಿತು. ಉಪಕರಣ ಫಲಕದ ನಡುವೆ ಮೇಲಿಂದ ಕೆಳಕ್ಕೆ ಒಂದು ಬಿಳಿ ಗೆರೆ ಎಳೆದಿರುತ್ತದೆ. ಅದು ಅಲಂಕಾರವಲ್ಲ. ವಿಮಾನ ಗಿರಕಿ ಹೊಡೆಯುತ್ತ ಕೆಳಗಿಳಿಯುವಾಗ ಪೈಲಟ್ ನಿಯಂತ್ರಣ ಕೋಲನ್ನು ಸರಿಯಾಗಿ ಮಧ್ಯಕ್ಕೆ ತರಬೇಕು. ಆ ಗಡಿಬಿಡಿಯಲ್ಲಿ ಮಧ್ಯ ಯಾವುದೆಂದು ತೋರಿಸುವ ಗುರುತು ಅದು. 1/48ರಲ್ಲಿ ಆ ಗೆರೆ ಕೂದಲೆಳೆಯಷ್ಟು. ಕುಂಚದಿಂದ ಎಳೆಯಲು ಹೋದರೆ ಸೊಟ್ಟಗಾಗುತ್ತದೆ. ಡೆಕಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಚಿಹ್ನೆಗಳ, ಉಳಿಕೆ ಹಾಳೆಯ ಬಿಳಿ ಭಾಗದಿಂದ ಸಪೂರ ಪಟ್ಟಿ ಕತ್ತರಿಸಿ ಅಂಟಿಸುವುದು ಜಾಣತನ.

ಗುಂಡಿ, ಗಡಿಯಾರಗಳನ್ನು ಎತ್ತಿ ತೋರಿಸಲು ‘ಡ್ರೈ ಬ್ರಶ್’ ಎಂಬ ವಿಧಾನ ಇದೆ. ತಿಳಿಬೂದು ಬಣ್ಣದಲ್ಲಿ ಅದ್ದಿದ ಕುಂಚವನ್ನು ಕಾಗದಕ್ಕೆ ತಿಕ್ಕಿ ತಿಕ್ಕಿ, ಇನ್ನೇನೂ ಉಳಿದಿಲ್ಲ ಎನ್ನಿಸಿದಾಗ ಫಲಕದ ಮೇಲೆ ಆಡಿಸಿದರೆ ಉಬ್ಬಿದ ಅಂಚುಗಳು ಮಾತ್ರ ಬಣ್ಣ ಹಿಡಿಯುತ್ತವೆ. ಗಡಿಯಾರದ ಮುಖಕ್ಕೆ ಒಂದು ಹನಿ ಹೊಳಪು ವಾರ್ನಿಷ್ ಹಾಕಿದರೆ ಗಾಜು. ಸೀಟಿನ ಪಟ್ಟಿಯನ್ನು ಮಾಸ್ಕಿಂಗ್ ಟೇಪಿನಿಂದಲೇ ಕತ್ತರಿಸಿ ಮಾಡಬಹುದು. ಎಚ್ಚಣೆಯ ಹಿತ್ತಾಳೆ ಹಾಳೆಗಳು, ರೆಸಿನ್ ಸೀಟುಗಳು ಬೇರೆಯಾಗಿ ಮಾರಾಟಕ್ಕಿವೆ. ಮುಚ್ಚಳ ತೆರೆದಿಡುವ ಇರಾದೆ ಇದ್ದರೆ ಮಾತ್ರ ಅವುಗಳಿಗೆ ಖರ್ಚು ಮಾಡಬೇಕು. ಮುಚ್ಚಿದ ಗಾಜಿನ ಕೆಳಗೆ ಅವು ಕಾಣುವುದೇ ಇಲ್ಲ. ರೆಸಿನ್ ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಸ್ಕ್ ಹಾಕಿ, ನೀರು ಹಚ್ಚಿ ಉಜ್ಜಬೇಕು.

ಮೂತಿಯ ತುದಿಯ ಶಂಕುವಿನೊಳಗೆ ಮೀನು ಹಿಡಿಯುವ ಗಾಳದ ಸೀಸದ ಗುಂಡು ತುಂಬುವುದನ್ನು ಮರೆಯಬಾರದು. ಮೂರು ಚಕ್ರದ ವಿಮಾನ, ಭಾರವೆಲ್ಲ ಹಿಂದೆ ಬಿದ್ದರೆ ಕಟ್ಟಿ ಮುಗಿದ ಮೇಲೆ ಮೂತಿ ಎತ್ತಿ ಬಾಲದ ಮೇಲೆ ಕೂರುತ್ತದೆ.

ಒಡಲಿನ ಸೀಮ್, ಅಂದರೆ ಎರಡು ಹೋಳು ಕೂಡುವ ಗೆರೆ, ಮಿಗ್‌ನಲ್ಲಿ ಹೆಚ್ಚು ಕಾಡುತ್ತದೆ. ಬೆನ್ನಿನುದ್ದಕ್ಕೂ ಹೊಟ್ಟೆಯುದ್ದಕ್ಕೂ ಓಡುವ ಗೆರೆ ಅದು. ಸಿಮೆಂಟ್ ಹರಿಸಿ, ಅರೆನಿಮಿಷ ಬಿಟ್ಟು, ಎರಡೂ ಕಡೆಯಿಂದ ಮೆಲ್ಲಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಮಣಿಯಂತೆ ಹೊರಗೆ ಉಕ್ಕಬೇಕು. ಉಕ್ಕಿದ್ದನ್ನು ಒರೆಸಬಾರದು. ಒಂದು ದಿನ ಗಟ್ಟಿಯಾಗಲು ಬಿಟ್ಟು, ಚಾಕುವಿನಿಂದ ಕೆರೆದು, ನೀರುಕಾಗದದಿಂದ ಉಜ್ಜಿದರೆ ಪುಟ್ಟಿಯೇ ಬೇಡ. ಉಜ್ಜುವಾಗ ಅಳಿಸಿಹೋದ ಪ್ಯಾನೆಲ್ ಗೆರೆಗಳನ್ನು ಗಟ್ಟಿ ಟೇಪನ್ನು ಅಡ್ಡಪಟ್ಟಿಯಾಗಿ ಇಟ್ಟು ಸೂಜಿಯಿಂದ ಮತ್ತೆ ಕೊರೆಯಬೇಕು. ಸೀಮ್ ಹೋಯಿತೋ ಇಲ್ಲವೋ ಎಂದು ಕಣ್ಣು ಹೇಳುವುದಿಲ್ಲ, ಪ್ರೈಮರ್ ಹೇಳುತ್ತದೆ. ಬೂದು ಪ್ರೈಮರ್ ಒಂದು ಪದರ ಹೊಡೆದ ಕೂಡಲೇ ಬಚ್ಚಿಟ್ಟುಕೊಂಡಿದ್ದ ಗೀರು, ಕುಳಿ ಎಲ್ಲ ಎದ್ದು ಕಾಣುತ್ತವೆ.

ರೆಕ್ಕೆ ಕೂಡಿಸುವಾಗ ಎದುರಿನಿಂದ ನೋಡುತ್ತ ಇರಬೇಕು. ಮಿಗ್-21ರ ತ್ರಿಕೋನ ರೆಕ್ಕೆಗಳು ನೇರವಾಗಿಲ್ಲ, ತುದಿಯ ಕಡೆಗೆ ಎರಡು ಡಿಗ್ರಿ ಕೆಳಗೆ ಬಾಗಿವೆ. ಎರಡೂ ಬದಿ ಸಮನಾಗಿ ಬಾಗಿರಬೇಕು. ಒಣಗುವವರೆಗೆ ಎರಡು ಸಮಗಾತ್ರದ ಬೆಂಕಿಪೊಟ್ಟಣದ ಆಸರೆ ಕೊಡಬಹುದು.

ಇಲ್ಲಿ ಒಂದು ಲೆಕ್ಕ. ರೆಕ್ಕೆಯ ಹಿಂದಂಚು ಪ್ಲಾಸ್ಟಿಕ್ಕಿನಲ್ಲಿ ಅರ್ಧ ಮಿಲಿಮೀಟರ್ ದಪ್ಪ ಇದೆ ಎಂದುಕೊಳ್ಳಿ. 1/72ರಲ್ಲಿ ಅದು ನಿಜದ ಅಳತೆಗೆ 36 ಮಿಲಿಮೀಟರ್, ಮರದ ಹಲಗೆಯ ದಪ್ಪ! ಚಕ್ರದ ಬಾಗಿಲುಗಳದ್ದೂ ಇದೇ ಕಥೆ. ದುಡ್ಡು ಕೊಟ್ಟು ತಂದ ಯಾವ ಹಿತ್ತಾಳೆ ಹಾಳೆಗಿಂತಲೂ, ಒಳಬದಿಯಿಂದ ಉಜ್ಜಿ ಈ ಅಂಚುಗಳನ್ನು ತೆಳುವಾಗಿಸುವ ಬಿಟ್ಟಿ ಕೆಲಸ ಮಾಡೆಲನ್ನು ಆಟಿಕೆಯಿಂದ ದೂರ ಒಯ್ಯುತ್ತದೆ. ಡೀಟೇಲಿಂಗ್ ಎಂದರೆ ಸೇರಿಸುವುದು ಎಂದು ತಿಳಿದವರೇ ಹೆಚ್ಚು. ತೆಗೆಯುವುದೂ ಅದರಲ್ಲಿ ಅರ್ಧ.

ಪಿಟಾಟ್ ಕೊಳವೆ ಇದಕ್ಕೆ ಒಳ್ಳೆಯ ನಿದರ್ಶನ. ಕಿಟ್‌ನಲ್ಲಿ ಬರುವುದು ದಪ್ಪ, ಮುಟ್ಟಿದರೆ ಮುರಿಯುವಂಥದ್ದು. ಕಡೆದ ಹಿತ್ತಾಳೆಯದನ್ನು ತರಿಸಿಕೊಳ್ಳಬಹುದು. ಇಲ್ಲವೇ ಔಷಧಿ ಅಂಗಡಿಯ ಎರಡು ಬೇರೆ ಗಾತ್ರದ ಹೊಸ ಇಂಜೆಕ್ಷನ್ ಸೂಜಿಗಳನ್ನು ತಂದು, ಮೊನೆ ಉಜ್ಜಿ ತೆಗೆದು, ಸಪೂರದ್ದನ್ನು ದಪ್ಪದ್ದರೊಳಗೆ ಕೂರಿಸಿದರೆ ನಿಜವಾದ ಲೋಹದ ಕೊಳವೆ ಸಿದ್ಧ. ಆಂಟೆನಾ ತಂತಿಗೆ ಖಾಲಿ ಸ್ಪ್ರೂ ಸಾಕು: ಅದರ ತುಂಡನ್ನು ಉರಿಯುವ ಮೇಣದಬತ್ತಿಯ ಜ್ವಾಲೆಯ ಮೇಲೆ, ತಾಗಿಸದೆ, ತಿರುಗಿಸುತ್ತ ಮೆತ್ತಗಾಗಿಸಿ ಎರಡೂ ತುದಿ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಇದನ್ನು ಕಿಟಕಿ ತೆರೆದು ಮಾಡಬೇಕು, ಸಿಮೆಂಟ್ ಮತ್ತು ಥಿನ್ನರ್ ಬಾಟಲಿಗಳು ಇನ್ನೊಂದು ಕೋಣೆಯಲ್ಲಿರಬೇಕು. ಅವು ಹೊತ್ತಿಕೊಳ್ಳುವ ದ್ರವಗಳು.

ಬೆಳ್ಳಿಯಲ್ಲದ ಬೆಳ್ಳಿ

ಎಫ್‌ಎಲ್‌ಗಳು ವಾಯುಪಡೆಗೆ ಬಂದಾಗ ಬಣ್ಣವಿಲ್ಲದ ಲೋಹದ ಮೈಯಲ್ಲಿದ್ದವು. 1971ರ ಯುದ್ಧದ ಹೊತ್ತಿಗೆ ಹಲವು ವಿಮಾನಗಳ ಮೇಲೆ ಅವಸರದಲ್ಲಿ ಹಸಿರು-ಕಂದು ಮರೆಬಣ್ಣ ಬಳಿದರು, ಒಂದರಂತೆ ಇನ್ನೊಂದಿಲ್ಲ. ಕೊನೆಯ ವರ್ಷಗಳ ಬೈಸನ್‌ಗಳು ಬೂದು. ಯಾವುದನ್ನು ಆರಿಸಿಕೊಂಡಿರಿ ಎನ್ನುವುದರ ಮೇಲೆ ಬಣ್ಣದ ಕೆಲಸ ನಿಂತಿದೆ. ಮರೆಬಣ್ಣ ಸಣ್ಣಪುಟ್ಟ ತಪ್ಪುಗಳನ್ನು ಮುಚ್ಚುತ್ತದೆ. ಲೋಹದ ಮೈ ಯಾವುದನ್ನೂ ಮುಚ್ಚುವುದಿಲ್ಲ, ಬೆರಳಚ್ಚನ್ನು ಕೂಡ.

ಲೋಹದ ಮೈಗೆ ಅಂಗಡಿಯ ಬೆಳ್ಳಿ ಬಣ್ಣವನ್ನು ಕುಂಚದಿಂದ ಬಳಿದರೆ ಗೇಟಿಗೆ ಬಳಿದಂತೆ ಕಾಣುತ್ತದೆ. ಇದಕ್ಕೆ ಏರ್‌ಬ್ರಶ್ ಬೇಕೇ ಬೇಕು, 0.3 ಮಿಲಿಮೀಟರ್ ನಾಝಲ್, ಗಾಳಿಯ ಒತ್ತಡ ಹದಿನೈದು–ಇಪ್ಪತ್ತು ಪಿಎಸ್‌ಐ ಸುತ್ತಮುತ್ತ. ಲೋಹದ ಬಣ್ಣಗಳು ಹೆಚ್ಚಾಗಿ ಸಿದ್ಧವಾಗಿಯೇ ಬರುತ್ತವೆ. ಉಳಿದ ಬಣ್ಣಗಳನ್ನು ಹಾಲಿನಷ್ಟು ತೆಳುವಾಗುವಂತೆ ಕಲಸಿಕೊಳ್ಳಬೇಕು. ಮೊದಲು ಹೊಳೆಯುವ ಕಪ್ಪು ಪದರ. ಅದು ಪೂರ್ತಿ ಒಣಗಿದ ಮೇಲೆ ಅಲ್ಯೂಮಿನಿಯಂ ಬಣ್ಣವನ್ನು ಬಹಳ ತೆಳುವಾಗಿ, ಎರಡು ಮೂರು ಪದರಗಳಲ್ಲಿ. ಕಪ್ಪು ಎಷ್ಟು ನುಣುಪೋ ಲೋಹ ಅಷ್ಟು ನಿಜ. ನಂತರ ಕೆಲವು ಪ್ಯಾನೆಲ್‌ಗಳನ್ನು ಟೇಪಿನಿಂದ ಮರೆಮಾಡಿ, ಅದೇ ಬಣ್ಣಕ್ಕೆ ಒಂದೆರಡು ಹನಿ ಗಾಢ ಬೂದು ಬೆರೆಸಿ ಹೊಡೆಯುವುದು. ಇಂಜಿನ್ನಿನ ಹಿಂಭಾಗ ಶಾಖಕ್ಕೆ ಕಂದಿರುತ್ತದೆ; ಅಲ್ಲಿ ತುಸು ಕಂದು, ತುಸು ನೀಲಿ. ಎಲ್ಲ ಪ್ಯಾನೆಲ್‌ಗೂ ಬೇರೆ ಬೇರೆ ಛಾಯೆ ಕೊಟ್ಟ ಮಾಡೆಲ್‌ಗಳು ಸ್ಪರ್ಧೆಗಳಲ್ಲಿ ಗಮನ ಸೆಳೆಯುತ್ತವೆ, ಆದರೆ ಫೋಟೋದ ಪಕ್ಕ ಇಟ್ಟರೆ ಚದುರಂಗದ ಮಣೆ ಹಾರಿಹೋದ ಹಾಗಿರುತ್ತದೆ. ನಾಲ್ಕೈದು ಪ್ಯಾನೆಲ್ ಸಾಕು.

ಮೂತಿಯ ಶಂಕುವಿನೊಳಗೆ ರೇಡಾರ್, ಬಾಲದ ತುದಿಯಲ್ಲಿ ಆಂಟೆನಾ ಇರುವುದರಿಂದ ಆ ಜಾಗಗಳು ಲೋಹವಲ್ಲ, ರೇಡಿಯೋ ತರಂಗ ಹಾಯಲು ಬಿಡುವ ವಸ್ತು; ಅವಕ್ಕೆ ಹಸಿರು ಬಣ್ಣ. ಚಕ್ರದ ಗುಂಬವೂ ಹಸಿರು.

ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಹೊಡೆಯುವುದು ಅಪಾಯದ ಕೆಲಸ, ಕರಾವಳಿಯಲ್ಲಂತೂ ಇನ್ನೂ. ಥಿನ್ನರ್ ಬೇಗ ಆವಿಯಾಗುತ್ತ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ, ಗಾಳಿಯ ತೇವ ಅಲ್ಲಿ ಕೂತು ಬಣ್ಣ ಬಿಳಿಚಿಕೊಳ್ಳುತ್ತದೆ. ಒಣಹವೆಯ ದಿನ ಕಾಯಬೇಕು, ಅಥವಾ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರ್ ಬಳಸಬೇಕು. ಅಕ್ರಿಲಿಕ್ ಬಣ್ಣಕ್ಕೆ ಈ ತಾಪತ್ರಯ ಕಡಿಮೆ, ವಾಸನೆಯೂ ಕಡಿಮೆ. ಮಕ್ಕಳಿರುವ ಮನೆಗೆ ಅದೇ ಮೇಲು. ಯಾವುದೇ ಬಣ್ಣವಾದರೂ ಏರ್‌ಬ್ರಶ್ ಹಿಡಿದಾಗ ಮಾಸ್ಕ್ ಮತ್ತು ಗಾಳಿ ಹೊರಗೆಳೆಯುವ ಫ್ಯಾನ್ ಇರಲೇಬೇಕು.

ಡೆಕಲ್ ಅಂಟಿಸುವ ಮುನ್ನ ಹೊಳಪು ವಾರ್ನಿಷ್ ಪದರ ಕಡ್ಡಾಯ. ಮಂಕು ಬಣ್ಣದ ಮೇಲ್ಮೈ ಸೂಕ್ಷ್ಮವಾಗಿ ತರಿತರಿಯಾಗಿರುತ್ತದೆ. ಡೆಕಲ್ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ. ನೀರಿನಲ್ಲಿ ಅರ್ಧ ನಿಮಿಷ ನೆನೆಸಿ, ಹಾಳೆಯಿಂದ ಜಾರಿಸಿ, ಜಾಗಕ್ಕೆ ಕೂರಿಸಿದ ಮೇಲೆ ಮೆತ್ತಗಾಗಿಸುವ ದ್ರಾವಣ ಹಚ್ಚಿದರೆ ಡೆಕಲ್ ಮೊದಲು ಸುಕ್ಕುಗಟ್ಟುತ್ತದೆ. ಹೊಸಬರು ಇಲ್ಲಿ ಹೆದರಿ ಬೆರಳಿಡುತ್ತಾರೆ, ಡೆಕಲ್ ಹರಿಯುತ್ತದೆ. ಮುಟ್ಟದೆ ಬಿಟ್ಟರೆ ತಾನೇ ಚಪ್ಪಟೆಯಾಗಿ ಪ್ಯಾನೆಲ್ ಗೆರೆಯೊಳಕ್ಕೆ ಇಳಿಯುತ್ತದೆ. ವಾಯುಪಡೆಯ ವೃತ್ತಚಿಹ್ನೆಯಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಅದರ ಗಾತ್ರ ಮಾತ್ರ ಕಾಲಕಾಲಕ್ಕೆ, ವಿಮಾನದಿಂದ ವಿಮಾನಕ್ಕೆ ಬದಲಾಗಿದೆ. ಇಲ್ಲೂ ಫೋಟೋವೇ ಪ್ರಮಾಣ. ‘ಇಲ್ಲಿ ಕಾಲಿಡಬೇಡಿ’ ಎಂಬಂಥ ಸಣ್ಣ ಬರಹಗಳು ರಷ್ಯನ್‌ನಲ್ಲಿವೆಯೋ ಇಂಗ್ಲಿಷ್‌ನಲ್ಲಿವೆಯೋ ಎಂದು ಕೂಡ ಅದರಲ್ಲೇ ನೋಡಿಕೊಳ್ಳಬೇಕು.

ಕೊನೆಗೆ ವೆದರಿಂಗ್: ಬಿಸಿಲು, ಎಣ್ಣೆ, ಬಳಕೆಯ ಗುರುತುಗಳನ್ನು ತರುವುದು. ಕಲಾವಿದರ ಎಣ್ಣೆಬಣ್ಣದ ಗಾಢ ಕಂದನ್ನು ವೈಟ್ ಸ್ಪಿರಿಟ್‌ನಲ್ಲಿ ತೆಳ್ಳಗೆ ಕರಗಿಸಿ ಗೆರೆಗಳಿಗೆ ಮುಟ್ಟಿಸಿದರೆ ಅದು ಗೆರೆಯ ಜಾಡು ಹಿಡಿದು ಓಡುತ್ತದೆ. ಆರಿದ ಮೇಲೆ ಹೆಚ್ಚಾದದ್ದನ್ನು ಗಾಳಿ ಹರಿಯುವ ದಿಕ್ಕಿಗೆ, ಮೂತಿಯಿಂದ ಬಾಲದ ಕಡೆಗೆ, ಒರೆಸಬೇಕು. ಹೊಟ್ಟೆಯಡಿ ಎಣ್ಣೆ ಸೋರಿದ ಕಲೆ, ಗನ್ ಪಾಡಿನ ಬಾಯಿಯ ಮಸಿ, ಪೈಲಟ್ ಹತ್ತುವ ಬದಿಯ ಸವಕಲು, ಇಷ್ಟು ಸಾಕು. ತುಕ್ಕು ಬೇಡ: ವಿಮಾನದ ಮೈ ಅಲ್ಯೂಮಿನಿಯಂ, ಅದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ. ವಾಯುಪಡೆಯ ನೆಲಸಿಬ್ಬಂದಿ ವಿಮಾನವನ್ನು ದಿನವೂ ಒರೆಸಿ ಇಡುತ್ತಿದ್ದರು ಎನ್ನುವುದನ್ನೂ ಮರೆಯಬಾರದು. ಆದರೆ ಯುದ್ಧದ ಅವಸರದಲ್ಲಿ ಬಳಿದ ಮರೆಬಣ್ಣ ಕಿತ್ತು ಕೆಳಗಿನ ಲೋಹ ಇಣುಕುವುದು ನಿಜದಲ್ಲೂ ಇತ್ತು. ಸ್ಪಂಜಿನ ಚೂರನ್ನು ಅಲ್ಯೂಮಿನಿಯಂ ಬಣ್ಣದಲ್ಲಿ ಅದ್ದಿ, ಕಾಗದಕ್ಕೆ ಒತ್ತಿ, ರೆಕ್ಕೆಯ ಮುಂದಂಚಿಗೆ ಹಗುರಾಗಿ ತಾಗಿಸಿದರೆ ಅದು ಬರುತ್ತದೆ.

ಚಕ್ರ, ಬಾಗಿಲು, ಪಿಟಾಟ್, ಮುಚ್ಚಳ ಈಗ ಅಂಟಬೇಕು, ಮೊದಲಲ್ಲ. ಮುಗಿದ ಮಾಡೆಲ್‌ಗೆ ಶತ್ರುಗಳು ಧೂಳು ಮತ್ತು ಬಿಸಿಲು. ಪಾರದರ್ಶಕ ಪೆಟ್ಟಿಗೆಯಲ್ಲಿ, ನೇರ ಬಿಸಿಲು ಬೀಳದ ಕಡೆ ಇಟ್ಟರೆ ಡೆಕಲ್ ಹಳದಿಯಾಗುವುದು ತಡವಾಗುತ್ತದೆ. ಪ್ರದರ್ಶನಕ್ಕೆ ಒಯ್ಯುವಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬಾರದು, ತೆಳುವಾದ ಭಾಗಗಳು ಸೊಟ್ಟಗಾಗುತ್ತವೆ.

ನಾಸಿಕ್‌ನ ಎಚ್‌ಎಎಲ್ ಕಾರ್ಖಾನೆಯೊಂದೇ ಆರು ನೂರಕ್ಕೂ ಹೆಚ್ಚು ಮಿಗ್-21 ತಯಾರಿಸಿತು. ಅವುಗಳನ್ನು ಹಾರಿಸಿದವರು, ದುರಸ್ತಿ ಮಾಡಿದವರು, ಇಂಧನ ತುಂಬಿದವರು ನಮ್ಮ ಊರುಗಳಲ್ಲೂ ನಿವೃತ್ತರಾಗಿ ಇದ್ದಾರೆ. ಅವರ ಆಲ್ಬಮ್‌ಗಳಲ್ಲಿ ಯಾವ ಪುಸ್ತಕದಲ್ಲೂ ಅಚ್ಚಾಗದ ಫೋಟೋಗಳಿರುತ್ತವೆ. ಪರಿಚಯದಲ್ಲಿ ಅಂಥ ಹಿರಿಯರಿದ್ದರೆ ಹೋಗಿ ಮಾತಾಡಿಸಿ, ಒಪ್ಪಿಗೆ ಪಡೆದು ಆ ಚಿತ್ರಗಳನ್ನು ಸ್ಕ್ಯಾನ್ ಮಾಡಿಕೊಳ್ಳಿ. ವಿಮಾನದ ನಂಬರ್, ನೆಲೆ, ವರ್ಷವನ್ನು ಅವರಿಂದಲೇ ಕೇಳಿ ಫೋಟೋದ ಜೊತೆ ಬರೆದಿಡಿ. ಕಿಟ್ ಆಮೇಲೆ ಕೊಂಡರಾಯಿತು.